ಅಂಗಡಿಯ ಫಾರ್ಮ್ಯಾಟ್ ಬೇರೆ, ಕಾರ್ಖಾನೆಯ ಸ್ಥಿತಿ ಬೇರೆ

ಮಾನ್ಯರೇ,

ಆಯುಧಪೂಜೆ ಬಂತೆಂದರೆ ಬೈಕು, ಕಾರಿನ ಜೊತೆ ಮನೆಯ ಕಂಪ್ಯೂಟರಿಗೂ ಶುದ್ಧಿಯ ಯೋಗ. ‘ನಿಧಾನ ಆಗಿದೆ, ಫಾರ್ಮ್ಯಾಟ್ ಹೊಡೆದುಕೊಡಿ’ ಎಂದು ಅಂಗಡಿಗೆ ತಂದಿಡುತ್ತಾರೆ. ಹಳೆಯದನ್ನು ಮಾರುವವರು ಎಲ್ಲ ಅಳಿಸಿಕೊಡಿ ಎನ್ನುತ್ತಾರೆ. ಎರಡನ್ನೂ ವಿಂಡೋಸ್‌ನಲ್ಲೇ ಇರುವ ‘ರೀಸೆಟ್’ನಿಂದ, ಅಂದರೆ ವಿಂಡೋಸನ್ನು ಹೊಸದರಂತೆ ಮತ್ತೆ ಕೂರಿಸುವ ಸೌಲಭ್ಯದಿಂದ, ಮನೆಯಲ್ಲೇ ಬಿಡಿಗಾಸು ಖರ್ಚಿಲ್ಲದೆ ಮಾಡಬಹುದು. ಈ ಕಸುಬಿನವರಾದ ನಾವೇ ಅದನ್ನು ಹೇಳದೆ ಇನ್ಯಾರು ಹೇಳಬೇಕು?

2012ರಲ್ಲಿ ವಿಂಡೋಸ್ 8 ಬಂದ ಮೇಲೆ, ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ (ವಿಂಡೋಸ್ ಅಸಲಿ ಎಂದು ಗುರುತಿಸುವ ಸಂಕೇತ) ಸಾಮಾನ್ಯವಾಗಿ ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್‌ನ ‘ಹೋಮ್’ ಆವೃತ್ತಿ ಇದ್ದ ಯಂತ್ರಕ್ಕೆ ಪೆನ್‌ಡ್ರೈವ್‌ನಲ್ಲಿದ್ದ ‘ಪ್ರೊ’ ತುರುಕಿದರೆ ಆ ಕೀ ಹೊಂದುವುದಿಲ್ಲ. ಆಗ ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆಯೇ ಓಡಿಸುವ ಕಳ್ಳ ತಂತ್ರಾಂಶ, ಹಾಕುತ್ತಾರೆ. ಕ್ರ್ಯಾಕ್ ಜೊತೆ ಇನ್ನೇನೇನು ಒಳಗೆ ಬಂತೋ ಹಾಕಿದವರಿಗೂ ಗೊತ್ತಿರುವುದಿಲ್ಲ. ಕಾಸು ಕೊಟ್ಟು ಕೊಂಡ ಅಸಲಿ ವಿಂಡೋಸ್ ತೆಗೆಸಿ, ಮತ್ತೆ ಕಾಸು ಕೊಟ್ಟು ನಕಲಿ ಹಾಕಿಸಿಕೊಂಡಂತಾಯಿತು. ಡಿಸ್ಕ್‌ನ ಎಲ್ಲ ಪಾರ್ಟಿಷನ್ (ವಿಭಾಗ) ಅಳಿಸುವ ಭರದಲ್ಲಿ, ಯಂತ್ರವನ್ನು ಕಾರ್ಖಾನೆಯ ಸ್ಥಿತಿಗೆ ತರಲು ಕಂಪನಿ ಇಟ್ಟ ರಿಕವರಿ ಪಾರ್ಟಿಷನ್ನೂ ಹೋಗುತ್ತದೆ. ಅದು ಹೋದ ಮೇಲೆ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್10, ಏಸಸ್‌ನಲ್ಲಿ ಎಫ್9 ಒತ್ತಿ ಹಳೆಯ ಸ್ಥಿತಿಗೆ ತರುವ ದಾರಿ ಮುಚ್ಚಿದಂತೆಯೇ.

ನಿಧಾನಕ್ಕೆಲ್ಲ ರೀಸೆಟ್ ಮದ್ದಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಏನೂ ಕೆಲಸ ಮಾಡದಿದ್ದಾಗಲೂ ಡಿಸ್ಕ್ ಶೇ 100ರಲ್ಲೇ ನಿಂತಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ಸೋತಿರುವ ಸಂಭವವೇ ಹೆಚ್ಚು. ಅಂಥ ಡಿಸ್ಕ್ ಮೇಲೆ ರೀಸೆಟ್ ಹಾಕಿದರೆ ಅರ್ಧದಲ್ಲೇ ಕೈಕೊಡಬಹುದು. ಅದರ ಬದಲು 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ಅಂಗಡಿಗೆ ದುಡ್ಡು ಕೊಡಲೇಬೇಕೆಂದಿದ್ದರೆ ಇದಕ್ಕೆ ಕೊಡಿ.

ರೀಸೆಟ್ ಖಚಿತವಾದರೆ ಮೊದಲು ಬ್ಯಾಕಪ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ, ಮರೆಯುವುದು ಬೇರೆಯವನ್ನು. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇದ್ದರೆ ಕಂಪನಿ ಡೇಟಾ ಬ್ಯಾಕಪ್ ತೆಗೆದು, ಲೈಸೆನ್ಸ್ ಸರೆಂಡರ್ ಮಾಡಿಯೇ (ಟ್ಯಾಲಿಗೆ ಹಿಂದಿರುಗಿಸಿಯೇ) ಮುಂದುವರಿಯಿರಿ. ಔಟ್‌ಲುಕ್ ಬಳಸುವವರು ಇ-ಮೇಲ್‌ಗಳಿರುವ ಪಿಎಸ್‌ಟಿ ಕಡತ ತೆಗೆದಿಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪ್ರಶ್ನೆಪತ್ರಿಕೆ, ಸಹಕಾರ ಸಂಘದ ನಡಾವಳಿಗಳು ರೀಸೆಟ್ ಆದ ಮೇಲೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದಂತೆ ಕಾಣುತ್ತವೆ. ಗಾಬರಿಯಿಂದ ಅಳಿಸಬೇಡಿ. ಕಡತ ಸರಿಯಾಗಿಯೇ ಇದೆ, ಫಾಂಟ್ ಮಾತ್ರ ಹೋಗಿದೆ. ತಂತ್ರಾಂಶ ಮತ್ತೆ ಹಾಕಿದರೆ ಕನ್ನಡ ಮರಳುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿ ಬರೆದದ್ದಕ್ಕೆ ಈ ತಾಪತ್ರಯವಿಲ್ಲ, ವಿಂಡೋಸ್‌ನ ನಿರ್ಮಲಾ ಫಾಂಟೇ ಸಾಕು.

ಇನ್ನೊಂದು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಬಳಕೆದಾರರಿಗೆ ತಿಳಿಯದಂತೆಯೇ ಡಿಸ್ಕ್‌ಗೆ ಈ ಬೀಗ ಬಿದ್ದಿರುತ್ತದೆ. ರಿಕವರಿ ಪರದೆ 48 ಅಂಕಿಗಳ ಕೀ ಕೇಳಿದಾಗ ಅದು ಸಿಗುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಯಂತ್ರ ಕೊಂಡ ದಿನ ಅಂಗಡಿಯ ಹುಡುಗ ತನ್ನದೇ ಇ-ಮೇಲ್ ಹಾಕಿ ಖಾತೆ ತೆರೆದುಕೊಟ್ಟಿದ್ದರೆ ಕೀಯೂ ಅವನ ಬಳಿಯೇ ಇರುತ್ತದೆ! ಯಂತ್ರ ಚೆನ್ನಾಗಿರುವಾಗಲೇ ಮೊಬೈಲ್‌ನಲ್ಲಿ ಆ ಖಾತೆಗೆ ಹೋಗಿ ಕೀ ನೋಡಿ, ಕಾಗದದ ಮೇಲೆ ಬರೆದಿಡಿ. ಕೀ ಇಲ್ಲದಿದ್ದರೆ ಒಳಗಿನ ಫೋಟೊಗಳನ್ನು ನಾವ್ಯಾರೂ ತೆಗೆದುಕೊಡಲಾರೆವು.

ಇನ್ನು ಕೆಲಸ ಸಲೀಸು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ‘ರೀಸೆಟ್ ಪಿಸಿ’. ವಿಂಡೋಸ್ 10ರಲ್ಲಿ ರಿಕವರಿ ಇರುವುದು ‘ಅಪ್‌ಡೇಟ್ ಅಂಡ್ ಸೆಕ್ಯೂರಿಟಿ’ಯೊಳಗೆ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ಕಡತ ಉಳಿದು, ನೀವು ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ. ಏನೇನು ಹೋಯಿತೆಂಬ ಪಟ್ಟಿ ಡೆಸ್ಕ್‌ಟಾಪ್ ಮೇಲೆ ಸಿಗುತ್ತದೆ. ‘ರಿಮೂವ್ ಎವೆರಿಥಿಂಗ್’ ಆರಿಸಿದರೆ ಎಲ್ಲವೂ ಹೋಗುತ್ತದೆ. ಮುಂದೆ, ವಿಂಡೋಸನ್ನು ಇಂಟರ್‌ನೆಟ್‌ನಿಂದ ಇಳಿಸುವ ‘ಕ್ಲೌಡ್ ಡೌನ್‌ಲೋಡ್’ ಬೇಕೋ, ಯಂತ್ರದಲ್ಲಿ ಇರುವುದನ್ನೇ ಬಳಸುವ ‘ಲೋಕಲ್ ರೀಇನ್‌ಸ್ಟಾಲ್’ ಬೇಕೋ ಎಂದು ಕೇಳುತ್ತದೆ. ಮೊದಲನೆಯದಕ್ಕೆ 4 ಜಿಬಿಗೂ ಹೆಚ್ಚು ಡೇಟಾ ಬೇಕು, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಬೇಡಿ. ಆದರೆ ವಿಂಡೋಸ್ ಕಡತಗಳೇ ಕೆಟ್ಟಿದ್ದರೆ ಅದೇ ವಾಸಿ. ಚಾರ್ಜರ್ ಹಾಕಿಯೇ ಇರಲಿ. ಡೆಸ್ಕ್‌ಟಾಪ್ ಇರುವವರು ನಿಮ್ಮ ಪತ್ರಿಕೆಯಲ್ಲೇ ಬರುವ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿಕೊಂಡು ದಿನ ಆರಿಸಿಕೊಳ್ಳಲಿ. ನಡುವೆ ಕರೆಂಟ್ ಹೋದರೆ ಯಂತ್ರ ಬೂಟ್ ಆಗದೇ (ಶುರುವಾಗದೇ) ಇರಬಹುದು. ಹಾರ್ಡ್‌ಡಿಸ್ಕ್ ಯಂತ್ರ ಒಂದೇ ಶೇಕಡಾ ಅಂಕಿಯಲ್ಲಿ ಬಹಳ ಹೊತ್ತು ನಿಂತಂತೆ ಕಂಡರೂ ಪವರ್ ಬಟನ್ ಒತ್ತದೆ ಕಾಯಿರಿ.

ವಿಂಡೋಸ್ ತೆರೆದುಕೊಳ್ಳದೇ ಇದ್ದರೆ, ಲೋಗೊ ಕಾಣುತ್ತಲೇ ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ತಾನೇ ಬರುತ್ತದೆ. ‘ಟ್ರಬಲ್‌ಶೂಟ್’ನೊಳಗೆ ಅದೇ ರೀಸೆಟ್ ಇದೆ. ‘ಯಾವ ಬದಲಾವಣೆಯೂ ಆಗಿಲ್ಲ’ ಎಂದು ರೀಸೆಟ್ ಹಿಂದಿರುಗಿದರೆ ಅಪ್‌ಡೇಟ್ ಹಾಕಿ ಮತ್ತೆ ನೋಡಿ. 2025ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಅಪ್‌ಡೇಟೇ ರೀಸೆಟ್ಟನ್ನು ಕೆಡಿಸಿತ್ತು, ವಾರದಲ್ಲಿ ತಿದ್ದಿದ ಅಪ್‌ಡೇಟ್ ಬಂತು. ಅದಕ್ಕೂ ಬಗ್ಗದಿದ್ದರೆ ಮೈಕ್ರೋಸಾಫ್ಟ್ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, 8 ಜಿಬಿ ಪೆನ್‌ಡ್ರೈವನ್ನು ವಿಂಡೋಸ್ ಹೊಸದಾಗಿ ಹಾಕುವ ಪೆನ್‌ಡ್ರೈವ್ ಮಾಡಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ವಿಂಡೋಸ್ 10 ಯಂತ್ರವನ್ನು ರೀಸೆಟ್ ಮಾಡಿದರೆ ಬರುವುದು ಮತ್ತೆ 10. ಅದರ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಮಾರುವವರು ‘ರಿಮೂವ್ ಎವೆರಿಥಿಂಗ್’ ಆರಿಸಿದ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ಗೆ ಎಸ್ ಕೊಡಬೇಕು, ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವ್ ಆರಿಸಬೇಕು. ಇಲ್ಲದಿದ್ದರೆ ಉಚಿತ ತಂತ್ರಾಂಶದಿಂದಲೇ ನಿಮ್ಮ ಆಧಾರ್ ಪ್ರತಿ, ಪಹಣಿ ಸ್ಕ್ಯಾನ್‌ಗಳನ್ನು ಮರಳಿ ತೆಗೆಯಬಹುದು. ಕೆಟ್ಟು ನಿಂತ ಯಂತ್ರವನ್ನು ಗುಜರಿಗೆ ಹಾಕುವುದಾದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದು ಕೊಡಿ.

ಇಷ್ಟಾಗಿಯೂ ಅಂಗಡಿಗೇ ಕೊಡುವುದಾದರೆ, ಯಾವ ವಿಂಡೋಸ್, ಹೋಮೋ ಪ್ರೊನೋ, ರಿಕವರಿ ಪಾರ್ಟಿಷನ್ ಉಳಿಸಿದ್ದಾರೋ ಇಲ್ಲವೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್‌ನ ‘ಆಕ್ಟಿವೇಷನ್’ ತೆರೆಸಿ, ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಎಂದಿದೆಯೇ ನೋಡಿ.

– ಕೆಲವು ಕಂಪ್ಯೂಟರ್ ದುರಸ್ತಿಗಾರರು, ಮಂಡ್ಯ