ಕಾರ್ಬುರೇಟರ್ ಬಿಚ್ಚುವ ಮೊದಲು

ಮಾನ್ಯರೇ,

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಐಡ್ಲಿಂಗ್‌ನಲ್ಲಿ (ಪೆಡಲ್ ಒತ್ತದೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ) ಆಫ್ ಆಗುತ್ತಿದ್ದರೆ, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರನ್ನು ಬಿಚ್ಚಿ ತೊಳೆಯಿರಿ ಎಂಬ ಸಲಹೆ ನಿಮ್ಮ ವಾಹನ ಪುಟದಲ್ಲಿ ಬಂದಿದೆ. ಆ ಕೆಲಸ ಕೊನೆಗೆ ಮಾಡುವಂಥದ್ದು. ಇಲ್ಲಿ ಹೇಳುತ್ತಿರುವುದು 1971ರಿಂದ ಬಂದ 1600 ಸಿಸಿ ಎಂಜಿನ್ ಮತ್ತು ಅದರ ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರ್ ಬಗ್ಗೆ.

ಮೊದಲು ಟ್ಯಾಪೆಟ್ ನೋಡಿ. ರಾತ್ರಿಯಿಡೀ ಆರಿದ ಎಂಜಿನ್ನಿನಲ್ಲಿ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ 0.15 ಮಿ.ಮೀ. ಇರಬೇಕು. ಅದು ಮುಚ್ಚಿಕೊಂಡಿದ್ದರೆ ವಾಲ್ವ್ ಪೂರ್ತಿ ಕೂರದೆ ಕಂಪ್ರೆಶನ್ ಸೋರುತ್ತದೆ, ಎಂಜಿನ್ ನಡುಗುತ್ತದೆ. ಆಮೇಲೆ ಪಾಯಿಂಟ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಾಂಟ್ಯಾಕ್ಟ್) ಗ್ಯಾಪ್ 0.4 ಮಿ.ಮೀ., ಅದಾದ ಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಇವು ಮೂರೂ ಸರಿಯಿಲ್ಲದೆ ಸ್ಕ್ರೂ ತಿರುಗಿಸುತ್ತ ಕೂತರೆ ಇಡೀ ದಿನ ವ್ಯರ್ಥ.

ಮುಂದಿನ ಅನುಮಾನ ಗಾಳಿ ಸೋರಿಕೆ. ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಮ್ಯಾನಿಫೋಲ್ಡ್‌ನ ನಡುವಿನ ಪೈಪು ಎರಡೂ ಬದಿಯ ತುಂಡುಗಳಿಗೆ ಸೇರುವಲ್ಲಿ ರಬ್ಬರ್ ಬೂಟುಗಳಿವೆ. ಅವು ಬಿಸಿಗೆ ಗಡುಸಾಗಿ ಸೀಳುತ್ತವೆ. ಐಡ್ಲಿಂಗ್‌ನಲ್ಲಿ ಬಿಟ್ಟು ಕಾರ್ಬುರೇಟರ್ ಕ್ಲೀನರನ್ನು ಆ ಜಾಗಕ್ಕೆ ಚೂರೇ ಚಿಮುಕಿಸಿ. ಡಿಸ್ಟ್ರಿಬ್ಯೂಟರ್, ಸೈಲೆನ್ಸರ್ ಕಡೆಗೆ ಹೋಗಬಾರದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಎಂಜಿನ್ ಸದ್ದು ಬದಲಾಯಿತೆಂದರೆ ತೂತು ಅಲ್ಲೇ. ಪೆಡಲ್ ಎಳೆಯುವ ಥ್ರಾಟಲ್ ಲಿವರನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿಯೂ ನೋಡಿ. ಶಾಫ್ಟ್ ಲಟಲಟ ಎಂದರೆ ಯಾವ ಗ್ಯಾಸ್ಕೆಟ್ ಕಿಟ್ಟೂ ಉಪಯೋಗಕ್ಕೆ ಬಾರದು. ಲೇತ್‌ನವರ ಹತ್ತಿರ ರೀಮ್ ಮಾಡಿಸಿ (ತೂತು ಅಗಲಿಸಿ) ಬುಶ್ ಹಾಕಿಸಬೇಕು. ಗಾಳಿಯಿಂದ ತಣಿಯುವ ಈ ಎಂಜಿನ್ನಿನಲ್ಲಿ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಆದರೆ ಪಿಕಪ್ ಹೋಗುವುದಷ್ಟೇ ಅಲ್ಲ, ಹೆಡ್ಡೂ ಕಾಯುತ್ತದೆ. ಪ್ಲಗ್ ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಓಡಿಸಬೇಡಿ.

ಪೆಡಲ್ ಒತ್ತಿದಾಗ ಓಡಿ, ಬಿಟ್ಟ ಕೂಡಲೇ ಆಫ್ ಆಗುತ್ತದೆಯೇ? ಕಾರ್ಬುರೇಟರ್ ಪಕ್ಕದಲ್ಲಿರುವ ಐಡಲ್ ಕಟ್-ಆಫ್ ಸೊಲೆನಾಯ್ಡ್ (ಇಗ್ನಿಷನ್ ಆಫ್ ಆದಾಗ ಐಡ್ಲಿಂಗ್ ಪೆಟ್ರೋಲ್ ತಡೆಯುವ ವಿದ್ಯುತ್ ವಾಲ್ವ್) ಪರೀಕ್ಷಿಸಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಅದರ ವೈರನ್ನು ಎಳೆದು ಮತ್ತೆ ತಾಗಿಸಿ. 'ಟಿಕ್' ಎನ್ನಬೇಕು. ಎನ್ನದಿದ್ದರೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಎಷ್ಟೋ ಸಲ ಸಡಿಲವಾದ ಕನೆಕ್ಟರ್ ಅಷ್ಟೇ. ಟಿಕ್ ಎಂದರೂ ಎಂಜಿನ್ ಆಫ್ ಆಗುತ್ತಿದ್ದರೆ ಐಡಲ್ ಜೆಟ್ (ಐಡ್ಲಿಂಗ್ ಪೆಟ್ರೋಲ್ ಅಳೆದು ಬಿಡುವ ಸಣ್ಣ ತುಂಡು) ಕಟ್ಟಿದೆ. ಅದನ್ನು ಬಿಚ್ಚಿ ಗಾಳಿ ಊದಿ, ತಂತಿ ಮಾತ್ರ ಹಾಕಬೇಡಿ. ಹಿತ್ತಾಳೆಯ ಆ ಸಣ್ಣ ರಂಧ್ರ ಸ್ವಲ್ಪ ಅಗಲವಾದರೂ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಐಡ್ಲಿಂಗ್ ಸೆಟ್ಟಿಂಗ್‌ನಲ್ಲಿ. ಆರ್‌ಪಿಎಂ ಏರಿಸಲು ಥ್ರಾಟಲ್ ಲಿವರಿನ ಸ್ಕ್ರೂ ತಿರುಗಿಸುತ್ತಾರೆ. ಈ ಕಾರ್ಬುರೇಟರಿನಲ್ಲಿ ಅದು ಐಡ್ಲಿಂಗ್ ಸ್ಕ್ರೂ ಅಲ್ಲ. ಬಟರ್‌ಫ್ಲೈ (ಒಳಗೆ ಗಾಳಿ ಬಿಡುವ ತಟ್ಟೆ) ಬೇಕಾದ್ದಕ್ಕಿಂತ ಹೆಚ್ಚು ತೆರೆದರೆ, ಪೆಡಲ್ ಒತ್ತಿದಾಗ ಪೆಟ್ರೋಲ್ ಕೊಡಬೇಕಾದ ರಂಧ್ರಗಳು ಮೊದಲೇ ತೆರೆದುಕೊಂಡು ಐಡ್ಲಿಂಗ್ ಕೆಡುತ್ತದೆ, ಎತ್ತುವಾಗ ಮುಗ್ಗರಿಸುತ್ತದೆ. ಚೋಕ್ (ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಮುಚ್ಚಳ) ಪೂರ್ತಿ ತೆರೆದಿರುವಾಗ ಆ ಸ್ಕ್ರೂವನ್ನು ಚೋಕಿನ ಮೆಟ್ಟಿಲುಳ್ಳ ಕ್ಯಾಮಿನ ಅತಿ ಕೆಳಗಿನ ಮೆಟ್ಟಿಲಿಗೆ ತಾಗುವಷ್ಟು ತಂದು ಕಾಲು ಸುತ್ತು ಒಳಗೆ ಕೊಟ್ಟು ಮರೆತುಬಿಡಿ. ಪಕ್ಕದ ಎರಡು ಸ್ಕ್ರೂಗಳಲ್ಲಿ ಚಿಕ್ಕದು ವಾಲ್ಯೂಮ್ (ಮಿಶ್ರಣಕ್ಕೆ), ದೊಡ್ಡದು ಬೈಪಾಸ್ (ಗಾಳಿಗೆ, ಅಂದರೆ ಓಟಕ್ಕೆ). ಚಿಕ್ಕದನ್ನು ಹಗುರವಾಗಿ ಕೂರಿಸಿ (ಬಿಗಿದರೆ ಸೂಜಿತುದಿ ಹಾಳು) ಎರಡೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಚೆನ್ನಾಗಿ ಕಾದ ಮೇಲೆ ದೊಡ್ಡದರಿಂದ 850 ಆರ್‌ಪಿಎಂಗೆ ತನ್ನಿ. ಚಿಕ್ಕದನ್ನು ನಿಧಾನವಾಗಿ ತಿರುಗಿಸಿ ಓಟ ಅತಿ ಹೆಚ್ಚಾಗುವ ಜಾಗ ಹಿಡಿದು, 20-30 ಆರ್‌ಪಿಎಂ ಇಳಿಯುವಷ್ಟು ಒಳಗೆ ಕೊಡಿ. ಮತ್ತೆ ದೊಡ್ಡದರಿಂದ 850. ಮಂಗಳೂರಿನಲ್ಲಿ ಹೀಗೆ ಹೊಂದಿಸಿದ ಕಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತುಸು ರಿಚ್ (ಪೆಟ್ರೋಲ್ ಹೆಚ್ಚು) ಆಗುವುದು ಸಹಜ, ಗಾಳಿಯೇ ತೆಳು.

ಇಷ್ಟಾದರೂ ಪೆಡಲ್ ಒತ್ತಿದಾಗ ಒಂದು ಕ್ಷಣ ಸತ್ತಂತಾದರೆ, ಎಂಜಿನ್ ನಿಲ್ಲಿಸಿ ಏರ್ ಕ್ಲೀನರ್ ತೆಗೆದು ಥ್ರಾಟಲ್ ಎಳೆಯಿರಿ. ಪೆಟ್ರೋಲ್ ಸಣ್ಣ ದಾರದಂತೆ ನೇರ ಒಳಗೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಕಾರ್ಬುರೇಟರಿನ ಆಕ್ಸೆಲರೇಟರ್ ಪಂಪಿನ ಡಯಾಫ್ರಮ್ ಹರಿದಿದೆ. ಚೆನ್ನಾಗಿ ಚಿಮ್ಮಿಯೂ ಮುಗ್ಗರಿಸಿದರೆ ಡಿಸ್ಟ್ರಿಬ್ಯೂಟರ್ ನೋಡಿ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಮುಂಚೆ ಹಾರಿಸುವುದು) ಇಲ್ಲದ 009 ಮಾದರಿಯದು ಹಾಕಿದ್ದರೆ ಈ ಕಾರ್ಬುರೇಟರಿನೊಡನೆ ಅದು ಹಾಗೇ ಮಾಡುತ್ತದೆ. ಕಪ್ಪು ಹೊಗೆಗೆ ಹೆಚ್ಚಾಗಿ ಚೋಕಿನ ವೈರ್ ಕಳಚಿ ಚೋಕ್ ತೆರೆಯದಿರುವುದೇ ಕಾರಣ.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥನಾಲ್ ಬೆರೆತದ್ದು), ಹಳೆಯ ಜೆಟ್‌ಗಳಿಗೆ ಸ್ವಲ್ಪ ಲೀನ್; ಹಳೆಯ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಪೈಪೆಲ್ಲ ಎಥನಾಲ್ ತಡೆಯುವಂಥದ್ದು ಹಾಕಿಸಿ, ಕ್ಲಿಪ್ ಬಿಗಿಸಿ. ಕಾರ್ಬುರೇಟರಿನ ಮುಚ್ಚಳಕ್ಕೆ ಪೆಟ್ರೋಲ್ ಬರುವ ಹಿತ್ತಾಳೆ ನಳಿಗೆ ಬರೀ ಒತ್ತಿ ಕೂರಿಸಿದ್ದು. ಅದನ್ನು ಕೈಯಲ್ಲಿ ತಿರುಗಿಸಿ ನೋಡಿ; ಅಲುಗಾಡಿದರೆ ಕಾರು ಹೊರಗೆ ತೆಗೆಯಬೇಡಿ. ಅದು ಕಳಚಿದರೆ ಪೆಟ್ರೋಲ್ ಸುರಿಯುವುದು ಬಿಸಿ ಎಂಜಿನ್ ಮೇಲೆ, ಕಿಡಿ ಹಾರುವ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ.

– ಹಳೇ ಕಾರುಗಳ ಇಬ್ಬರು ಮೆಕ್ಯಾನಿಕ್‌ಗಳು, ಬೆಂಗಳೂರು