ವರ್ಕ್‌ಸ್ಪೇಸ್ ಸೇವ್ ಮಾಡಬೇಡಿ, ಸ್ಕ್ರಿಪ್ಟ್ ಉಳಿಸಿ

ಮಾನ್ಯ ಸಂಪಾದಕರೆ,

ಧಾರವಾಡ, ಹುಬ್ಬಳ್ಳಿ, ಗದಗದ ಎಷ್ಟೋ ವಿದ್ಯಾರ್ಥಿಗಳು ಪ್ರಬಂಧದ ಲೆಕ್ಕಾಚಾರಕ್ಕೆ ‘ಆರ್’ ತಂತ್ರಾಂಶ ಬಳಸುತ್ತಾರೆ. ಮುಚ್ಚುವಾಗ ಅದು ‘ವರ್ಕ್‌ಸ್ಪೇಸ್ ಸೇವ್ ಮಾಡಲೇ?’ ಎಂದು ಕೇಳುತ್ತದೆ. ವರ್ಕ್‌ಸ್ಪೇಸ್ ಎಂದರೆ ಆ ಹೊತ್ತಿಗೆ ಮೆಮೊರಿಯಲ್ಲಿರುವ ಡೇಟಾ, ಫಲಿತಾಂಶ; ಸ್ಕ್ರಿಪ್ಟ್ ಎಂದರೆ ಲೆಕ್ಕದ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲ್. ಮಾಡಿದ ಕೆಲಸ ಹೋದೀತೆಂದು ಹೆದರಿ ‘ಯೆಸ್’ ಒತ್ತುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ಬ್ಯಾಡಗಿ ಮೆಣಸಿನಕಾಯಿ ಧಾರಣೆಯನ್ನೇ ತೆಗೆದುಕೊಳ್ಳಿ. ‘ದರ’ ಎಂಬ ಆಬ್ಜೆಕ್ಟ್‌ನಲ್ಲಿ (ಮೆಮೊರಿಯಲ್ಲಿ ಹೆಸರಿಟ್ಟ ಡೇಟಾ) ಡಬ್ಬಿ, ಕಡ್ಡಿ ಎರಡೂ ತಳಿಗಳ ಅಂಕಿಗಳಿವೆ. ಒಂದು ಸಂಜೆ, ಆದೇಶವನ್ನು ನೇರವಾಗಿ ಟೈಪ್ ಮಾಡುವ ಕನ್ಸೋಲ್‌ನಲ್ಲೇ ಕಡ್ಡಿಯ ಸಾಲುಗಳನ್ನು ಕಿತ್ತುಹಾಕಿದ್ದಾಯಿತು. ಸ್ಕ್ರಿಪ್ಟ್‌ನಲ್ಲಿ ಅದರ ಗುರುತಿಲ್ಲ. ಸೇವ್ ಮಾಡಿದಾಗ ಆ ಅರ್ಧ ‘ದರ’ವೇ ‘ಡಾಟ್ ಆರ್‌ಡೇಟಾ’ ಫೈಲಿಗೆ ಸೇರಿತು. ಮುಂದಿನ ವಾರ ಅದೇ ಫೋಲ್ಡರ್‌ನಲ್ಲಿ ಆರ್ ತೆರೆದರೆ ಅದು ತಾನಾಗಿ ವಾಪಸು ಬರುತ್ತದೆ. ಮೂಲ ಅಂಕಿಗಳ ಸಿಎಸ್‌ವಿ ಫೈಲ್ ಓದುವ ಸಾಲಿನ ಮುಂದೆ ‘#’ ಇದ್ದು ಆ ಸಾಲು ಓಡದಿದ್ದರೂ ಸ್ಕ್ರಿಪ್ಟ್ ಓಡುತ್ತದೆ, ಎರರ್ ಬರುವುದಿಲ್ಲ. ಬಂದ ಸರಾಸರಿ ಡಬ್ಬಿಯದು ಮಾತ್ರ, ಕೋಷ್ಟಕದ ತಲೆಬರಹ ‘ಎಲ್ಲ ತಳಿ’. ಗೈಡ್ ಕಂಪ್ಯೂಟರಿನಲ್ಲಿ ಓಡಿಸಿದರೆ ‘ಆಬ್ಜೆಕ್ಟ್ ನಾಟ್ ಫೌಂಡ್’. ಆರ್‌ಗೆ ಹೆಚ್ಚುವರಿ ಸೌಲಭ್ಯ ಕೊಡುವ ಪ್ಯಾಕೇಜ್‌ಗಳದ್ದು ಇದಕ್ಕೆ ತಿರುಗಮುರುಗ: ಡೇಟಾ ವಾಪಸು ಬಂದರೂ ಲೋಡ್ ಮಾಡಿದ್ದ ಪ್ಯಾಕೇಜ್‌ಗಳು ಬರುವುದಿಲ್ಲ.

ಆರ್ ಬಳಸಲು ನೆರವಾಗುವ ಆರ್‌ಸ್ಟುಡಿಯೊ ತಂತ್ರಾಂಶದಲ್ಲಿ ಟೂಲ್ಸ್, ಗ್ಲೋಬಲ್ ಆಪ್ಶನ್ಸ್, ಜನರಲ್‌ಗೆ ಹೋಗಿ. ಶುರುವಿಗೆ ಆರ್‌ಡೇಟಾ ‘ರಿಸ್ಟೋರ್’ ಮಾಡುವ ಟಿಕ್ ತೆಗೆಯಿರಿ. ‘ಸೇವ್ ವರ್ಕ್‌ಸ್ಪೇಸ್’ ಎದುರು ‘ನೆವರ್’ ಆರಿಸಿ. ಈ ಸೆಟ್ಟಿಂಗ್ ಆಯಾ ಲಾಗಿನ್‌ಗೆ ಮಾತ್ರ ಅನ್ವಯ. ಲ್ಯಾಬ್‌ನಲ್ಲಿ ಪ್ರತಿ ಲಾಗಿನ್‌ನಲ್ಲೂ ಮಾಡಬೇಕು. ಕೆಲಸದ ನಡುವೆ ಮೆಮೊರಿ ಖಾಲಿ ಮಾಡಲು ಆಬ್ಜೆಕ್ಟ್ ಅಳಿಸುವ ‘ಆರ್‌ಎಂ’ ಆದೇಶ ಸಾಲದು, ಲೋಡ್ ಆದ ಪ್ಯಾಕೇಜ್‌ಗಳು ಹಾಗೇ ಉಳಿಯುತ್ತವೆ. ಕಂಟ್ರೋಲ್, ಶಿಫ್ಟ್, ಎಫ್10 ಒಟ್ಟಿಗೆ ಒತ್ತಿ ರೀಸ್ಟಾರ್ಟ್ ಮಾಡಿ.

ರಾತ್ರಿಯಿಡೀ ಓಡಿದ ಮಾಡೆಲ್ ಇದ್ದರೆ ಅದೊಂದನ್ನೇ ‘ಸೇವ್‌ಆರ್‌ಡಿಎಸ್’ನಿಂದ ಉಳಿಸಿ, ‘ರೀಡ್‌ಆರ್‌ಡಿಎಸ್’ನಿಂದ ಬೇಕಾದ ಹೆಸರಿಗೆ ಓದಿಕೊಳ್ಳಿ. ಆರ್‌ಡೇಟಾ ಫೈಲ್ ತೆರೆಯುವ ‘ಲೋಡ್’ ಆದೇಶ ಹಾಗಲ್ಲ, ಅದೇ ಹೆಸರಿನ ಆಬ್ಜೆಕ್ಟ್ ಮೊದಲೇ ಇದ್ದರೆ ಕೇಳದೆ ಅದರ ಮೇಲೆ ಬರೆದುಬಿಡುತ್ತದೆ. ಹಳೆ ಕಂಪ್ಯೂಟರ್‌ಗಳ ವಿಚಾರವೂ ಇದೆ: 2019ರ ಆರ್ 3.6.0ರಿಂದೀಚೆಗೆ ಉಳಿಸಿದ ಫೈಲ್ 3.5.0ಕ್ಕಿಂತ ಹಿಂದಿನ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಉಳಿಸುವಾಗ ‘ವರ್ಷನ್ = 2’ ಎಂದು ಕೊಟ್ಟರೆ ತೆರೆಯುತ್ತದೆ.

ಈಗಾಗಲೇ ಬಿದ್ದಿರುವ ಆರ್‌ಡೇಟಾ ಫೈಲ್‌ಗಳನ್ನು ಅವಸರದಲ್ಲಿ ಅಳಿಸಬೇಡಿ. ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಶನ್ ಮರೆಯಾಗಿದ್ದರೆ ಹೆಸರೇ ಇಲ್ಲದ ಐಕಾನ್ ಆಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ‘ಎಲ್‌ಎಸ್ -ಎ’ ಕೊಟ್ಟರೆ ಸಿಗುತ್ತದೆ. ತಾರೀಖು ಸೇರಿಸಿ ಹೆಸರು ಬದಲಿಸಿ. ‘ನ್ಯೂ.ಎನ್ವ್’ನಿಂದ ಬೇರೆ ಎನ್ವಿರಾನ್‌ಮೆಂಟ್ (ಆಬ್ಜೆಕ್ಟ್‌ಗಳಿಗೆ ಪ್ರತ್ಯೇಕ ಜಾಗ) ಮಾಡಿ ಅದರೊಳಗೆ ಲೋಡ್ ಮಾಡಿದರೆ ಈಗಿನ ಕೆಲಸಕ್ಕೆ ಧಕ್ಕೆಯಿಲ್ಲದೆ ಒಳಗೇನಿದೆ ನೋಡಬಹುದು.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಹಾವೇರಿ, ಗದಗದ ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿದವರ ವರ್ಕ್‌ಸ್ಪೇಸ್‌ನಲ್ಲಿ ಜನರ ಹೆಸರು, ಫೋನ್ ನಂಬರ್, ಸಾಲದ ವಿವರ ಇರುತ್ತವೆ. ಒಂದು ಗ್ರಾಫ್ ಕಳಿಸಲೆಂದು ಇಡೀ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿದರೆ ಅದೂ ಜೊತೆಗೆ ಹೋಗುತ್ತದೆ. ನಂಬಿ ಮಾಹಿತಿ ಕೊಟ್ಟ ರೈತರಿಗೆ ಇದು ಅನ್ಯಾಯ.

ಪ್ರಬಂಧ ಸಲ್ಲಿಕೆ ಶುರುವಾಗುವ ಮೊದಲೇ ವಿಭಾಗದ ಮುಖ್ಯಸ್ಥರು ಲ್ಯಾಬ್‌ನ ಸೆಟ್ಟಿಂಗ್ ಬದಲಿಸಲಿ. ಗೈಡ್‌ಗಳು ಸಹಿ ಹಾಕುವ ಮುನ್ನ ಆರ್ ರೀಸ್ಟಾರ್ಟ್ ಮಾಡಿಸಿ, ಸ್ಕ್ರಿಪ್ಟನ್ನು ಮೊದಲ ಸಾಲಿನಿಂದ ಕೊನೆಯವರೆಗೆ ತಮ್ಮೆದುರೇ ಓಡಿಸಿ ನೋಡಲಿ.

– ಸಂಖ್ಯಾಶಾಸ್ತ್ರ ಬೋಧಕರು, ಧಾರವಾಡ