ಶನಿಗೆ ಎಷ್ಟು ಚಂದ್ರರು?

ಪ್ರೀತಿಯ ಗೆಳೆಯಾ,

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಕೆಲವು ಮಾತು ನನಗೆ ಬಾಯಲ್ಲಿ ಬರುವುದಿಲ್ಲ, ಬರೆದರೆ ಬರುತ್ತವೆ. ನಿನಗೆ ಗೊತ್ತಿರುವುದೇ. ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೂ ಕಾರಣ ಇದೆ. ನಿನಗೊಬ್ಬನಿಗೇ ಬರೆದರೆ ಕೊನೆಯ ನಾಲ್ಕು ಸಾಲು ಅಳಿಸಿ ಕಳಿಸಿಬಿಡುತ್ತೇನೆ. ನಾಲ್ಕು ಜನರ ಮುಂದೆ ಬಾಯಿ ತೆರೆದ ಮೇಲೆ ಪೂರ್ತಿ ಹೇಳಲೇಬೇಕು.

 

ಫೋನಿನ ಗುಂಪಿನಲ್ಲಿ ನಾನು ನಡೆಸುವ ಬುಧವಾರದ ಕ್ವಿಜ್ ಶುರುವಾಗಿ ಮೂರು ವರ್ಷ ದಾಟಿತು. ನೀನು ಬರುತ್ತಿದ್ದಾಗ ನಾವು ಎಂಟೇ ಜನ. ಈಗ ಒಂದೊಂದು ವಾರ ನಲವತ್ತು ದಾಟುತ್ತದೆ. ರಾತ್ರಿ 9ಕ್ಕೆ ಶುರು, 20 ಪ್ರಶ್ನೆ, ಒಂದೊಂದಕ್ಕೆ 30 ಸೆಕೆಂಡು. ಬಹುಮಾನ ಅಂತ ಏನೂ ಇಲ್ಲ. ಗೆದ್ದವರ ಹೆಸರು ಮುಂದಿನ ಬುಧವಾರದವರೆಗೆ ಗುಂಪಿನ ಹೆಸರಿನ ಪಕ್ಕ ಇರುತ್ತದೆ, ಅಷ್ಟೇ. ಅದಕ್ಕೇ ಎಷ್ಟು ಪೈಪೋಟಿ ಅಂತೀಯಾ!

ಮೊದಲು ಯಾರು ಬೇಗ ಹೇಳುತ್ತಾರೋ ಅವರಿಗೆ ಅಂಕ ಅಂತಿತ್ತಲ್ಲ, ಅದನ್ನು ಬಿಟ್ಟೆ. ನೆಟ್‌ವರ್ಕ್ ಚೆನ್ನಾಗಿದ್ದವರೇ ಗೆಲ್ಲುತ್ತಿದ್ದರು. ವಯಸ್ಸಾದವರು ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಈಗ ಉತ್ತರವನ್ನು ನನಗೊಬ್ಬನಿಗೇ ಕಳಿಸಬೇಕು. 30 ಸೆಕೆಂಡಿನೊಳಗೆ ಸರಿಯಾಗಿ ಬರೆದ ಎಲ್ಲರಿಗೂ ಒಂದೊಂದು ಅಂಕ. ಗೂಗಲ್ ಮಾಡಿ ಉತ್ತರ ಹೇಳುವವರನ್ನು ಹಿಡಿಯುವ ಗೋಜಿಗೆ ಹೋಗಿಲ್ಲ. ಗೂಗಲ್ ಮಾಡಿದರೂ ಅಷ್ಟರೊಳಗೆ ಸಿಗದ ಹಾಗೆ ಕೇಳುತ್ತೇನೆ.

ಪ್ರಶ್ನೆ ಕಟ್ಟುವುದರಲ್ಲಿ ಎಂಥಾ ಸುಖ ಇದೆ ಗೊತ್ತೇನೋ. "ಇಮೇಲ್ ವಿಳಾಸದ ಗುರುತನ್ನು ಆರಿಸಿದ್ದು ಯಾರು" ಅಂತ ಕೇಳಿದರೆ ಗೊತ್ತಿದ್ದವರಿಗೆ ಗೊತ್ತು, ಇಲ್ಲದವರಿಗೆ ಇಲ್ಲ. ಅಲ್ಲಿಗೆ ಮುಗಿಯಿತು. ಅದನ್ನೇ ಹೀಗೆ ತಿರುಗಿಸಿ ನೋಡು. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್‌ಗೆ ಮನುಷ್ಯನ ಹೆಸರು ಮತ್ತು ಅವನ ಕಂಪ್ಯೂಟರಿನ ಹೆಸರಿನ ನಡುವೆ ಇಡಲು ಒಂದು ಗುರುತು ಬೇಕಿತ್ತು. ಅದು ಯಾರ ಹೆಸರಿನಲ್ಲೂ ಬರುವಂಥದ್ದಾಗಿರಬಾರದು. ಕೀಬೋರ್ಡ್ ನೋಡಿ ಒಂದನ್ನು ಆರಿಸಿದ. ಯಾವುದು? ಇದಕ್ಕೆ ಎಲ್ಲೋ ಓದಿದ ನೆನಪು ಬೇಕಿಲ್ಲ, ಯೋಚಿಸಿದರೆ ಸಾಕು. ಹತ್ತು ಸೆಕೆಂಡು ಎಲ್ಲ ಕಡೆ ಮೌನ. ಹನ್ನೊಂದನೇ ಸೆಕೆಂಡಿಗೆ ಉತ್ತರಗಳು ಮಳೆ ಬಿದ್ದ ಹಾಗೆ ಬೀಳುತ್ತವೆ. ಆ ಒಂದು ಸೆಕೆಂಡಿಗೆ ನಾನು ವಾರವಿಡೀ ಕಾಯುತ್ತೇನೆ.

ವಿಷಯಕ್ಕೆ ಬರದೆ ಸುತ್ತುತ್ತಿದ್ದೇನೆ ಅಂತ ನಿನಗೆ ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಬರುತ್ತೇನೆ.

ನಮ್ಮ ಗುಂಪಿನಲ್ಲಿ ಹನ್ನೊಂದು ವರ್ಷದ ಹುಡುಗಿ ಒಬ್ಬಳಿದ್ದಾಳೆ. ಅಮ್ಮನ ಫೋನಿನಿಂದ ಆಡುತ್ತಾಳೆ. ಅವಳದ್ದು ಒಂದು ಅಭ್ಯಾಸ. ಪೂರ್ತಿ ನಂಬಿಕೆ ಇರುವ ಉತ್ತರದ ಪಕ್ಕ "ಖಂಡಿತ" ಅಂತ ಸೇರಿಸುತ್ತಾಳೆ. ಊಹೆ ಆದರೆ ಬರೀ ಉತ್ತರ. "ಪೆಂಗ್ವಿನ್, ಖಂಡಿತ." "ನೈಲ್." ಹೀಗೆ. ಯಾರೂ ಹೇಳಿಕೊಟ್ಟದ್ದಲ್ಲ. ನಲವತ್ತು ಉತ್ತರಗಳ ನಡುವೆ ಆ "ಖಂಡಿತ" ಕಂಡರೆ ನನಗೆ ಏನೋ ಖುಷಿ.

ಒಂದು ಬುಧವಾರ 19ನೇ ಪ್ರಶ್ನೆ ಕೇಳಿದೆ. ಸೌರಮಂಡಲದಲ್ಲಿ ಎಲ್ಲಕ್ಕಿಂತ ಜಾಸ್ತಿ ಚಂದ್ರರಿರುವ ಗ್ರಹ ಯಾವುದು? ನನ್ನ ಹಾಳೆಯಲ್ಲಿ ಇದ್ದದ್ದು ಗುರು, 92. ಅವಳು ಬರೆದದ್ದು "ಶನಿ, ಖಂಡಿತ."

ತಪ್ಪು ಅಂದೆ.

"ಶನಿ ಅಲ್ವಾ ಅಂಕಲ್?" ಅಂತ ಕೇಳಿದಳು. "ಅಲ್ಲ ಪುಟ್ಟಾ, ಗುರು. 92 ಇವೆ" ಅಂತ ಬರೆದೆ. ಆ ಸಂಖ್ಯೆ ಸೇರಿಸಿದ್ದು ಯಾಕೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಸಂಖ್ಯೆ ಹೇಳಿದರೆ ಮಾತಿಗೆ ತೂಕ ಬರುತ್ತದೆ, ಮುಂದೆ ಯಾರೂ ಕೇಳುವುದಿಲ್ಲ. ಅವಳೂ ಕೇಳಲಿಲ್ಲ. "ಸರಿ ಅಂಕಲ್, ಪರವಾಗಿಲ್ಲ" ಅಂದಳು. ಅವತ್ತು ನಮ್ಮ ಮೇಷ್ಟ್ರು 17 ಅಂಕ ತೆಗೆದು ಗೆದ್ದರು. ಅವಳಿಗೆ 16.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನೋಡಿದೆ. ಆ ಪ್ರಶ್ನೆಯನ್ನು ನಾನು ಬರೆದಿಟ್ಟದ್ದು 2023ರ ಮಾರ್ಚಿನಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಗುರುವಿನ ಚಂದ್ರರ ಲೆಕ್ಕ 92ಕ್ಕೆ ಏರಿ, 83 ಇದ್ದ ಶನಿಯನ್ನು ಹಿಂದೆ ಹಾಕಿತ್ತು. ಮೇ ತಿಂಗಳಲ್ಲೇ ಶನಿಗೆ ಹೊಸದಾಗಿ 62 ಚಂದ್ರರು ಸಿಕ್ಕು ಲೆಕ್ಕ 145 ಆಯಿತು. ಆಮೇಲೆ ಇನ್ನೊಂದು ಸೇರಿ 146. 2025ರ ಮಾರ್ಚಿನಲ್ಲಿ ಒಂದೇ ಏಟಿಗೆ ಮತ್ತೆ 128 ಸೇರಿ 274. ಅಂದರೆ ನನ್ನ ಉತ್ತರ ಸರಿ ಇದ್ದದ್ದು ಮೂರು ತಿಂಗಳು ಮಾತ್ರ. ನಾನು ಪ್ರಶ್ನೆ ಬರೆದದ್ದು ಸರಿಯಾಗಿ ಆ ಮೂರು ತಿಂಗಳಲ್ಲೇ. ಅದನ್ನೇ ಕಡತದಲ್ಲಿ ಇಟ್ಟುಕೊಂಡು, ಇಷ್ಟು ದಿನ ಆದ ಮೇಲೆ, ಒಂದು ಮಗುವಿಗೆ ತಪ್ಪು ಅಂದೆ.

ಉತ್ತರಗಳು ಹಳೆಯದಾಗುತ್ತವೆ ಅನ್ನುವುದು ನನಗೆ ಗೊತ್ತಿರದ ವಿಷಯವೇನಲ್ಲ. ನಾವು ಶಾಲೆಯಲ್ಲಿ ಒಂಬತ್ತು ಗ್ರಹ ಬಾಯಿಪಾಠ ಮಾಡಿದವರು. 2006ರಲ್ಲಿ ಎಂಟಾದವು. ಎವರೆಸ್ಟ್ ಎತ್ತರ 8848 ಮೀಟರ್ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. 2020ರ ಡಿಸೆಂಬರ್‌ನಲ್ಲಿ ನೇಪಾಳ, ಚೀನಾ ಎರಡೂ ಸೇರಿ 8848.86 ಅಂತ ಹೇಳಿದವು. ಇದನ್ನೆಲ್ಲ ನಾನೇ ಕ್ವಿಜ್‌ನಲ್ಲಿ ಕೇಳಿದ್ದೇನೆ.

ಮರುದಿನ ಬೆಳಿಗ್ಗೆ ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಮೇಷ್ಟ್ರ ಹೆಸರು ಆಗಲೇ ಮೇಲೆ ಹತ್ತಿತ್ತು, ಎಲ್ಲರೂ ಅವರಿಗೆ ಶುಭಾಶಯ ಹೇಳುತ್ತಿದ್ದರು. ವಯಸ್ಸಾದವರ ಸಂತೋಷ ಯಾಕೆ ಕೆಡಿಸಲಿ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಅದಾಗಿರಲಿಲ್ಲ. ನಲವತ್ತು ಜನ ನಾನು "ಸರಿ" ಅಂದದ್ದನ್ನು ಸರಿ ಅಂತ ನಂಬುತ್ತಾರೆ. ಬೇರೆ ಆರು ದಿನ ನನ್ನ ಮಾತನ್ನು ಹಾಗೆ ಕಾದು ಕೇಳುವವರು ಯಾರೂ ಇಲ್ಲ. ಅದನ್ನು ಕಳೆದುಕೊಳ್ಳುತ್ತೇನೆ ಅಂತ ಹೆದರಿದೆ.

ಮುಂದಿನ ವಾರ ಅವಳು ಬಂದಳು. ಆಡಿದಳು. ಒಂದು ಉತ್ತರದ ಪಕ್ಕದಲ್ಲೂ "ಖಂಡಿತ" ಇರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸುಲಭವಾದ ಪ್ರಶ್ನೆ ಬೇಕೆಂದೇ ಕೇಳಿ ನೋಡಿದೆ. ಜೇಡಕ್ಕೆ ಎಷ್ಟು ಕಾಲು? "ಎಂಟು." ಅಷ್ಟೇ.

ನೀನು ಹೇಳಿದ್ದ ಫ್ರೆಡ್ ವರ್ತ್ ಕತೆ ಆಗ ನೆನಪಾಯಿತು. ಸಾಮಾನ್ಯ ಜ್ಞಾನದ ಪುಸ್ತಕ ಮಾಡಿದ ಆ ಮನುಷ್ಯ ತನ್ನ ಸಂಗತಿಗಳನ್ನು ಯಾರಾದರೂ ಕದಿಯುತ್ತಾರಾ ನೋಡೋಣ ಅಂತ ಬೇಕೆಂದೇ ಒಂದು ಸುಳ್ಳು ಸೇರಿಸಿದ್ದ. ಟಿವಿ ಪತ್ತೇದಾರನೊಬ್ಬನ ಮೊದಲ ಹೆಸರು ಫಿಲಿಪ್ ಅಂತ. ಟ್ರಿವಿಯಲ್ ಪರ್ಸ್ಯೂಟ್ ಆಟದವರ ಕಾರ್ಡಿನಲ್ಲಿ ಅದೇ ಫಿಲಿಪ್ ಬಂದು ಕೂತ. ವರ್ತ್ 1984ರಲ್ಲಿ ಅವರ ಮೇಲೆ ಕೇಸು ಹಾಕಿದ, ಸೋತ. ಸಂಗತಿಗಳಿಗೆ ಯಾರೂ ಒಡೆಯರಲ್ಲ ಅನ್ನುವುದು ಕಾನೂನು. ನೀನು ಇದನ್ನು ಹೇಳಿದಾಗ ಇಬ್ಬರೂ ಎಷ್ಟು ನಕ್ಕಿದ್ದೆವು! ಈಗ ಆ ಕತೆ ನನಗೆ ಬೇರೆ ಥರ ಕೇಳಿಸುತ್ತದೆ. ಅವನು ತನ್ನ ಸುಳ್ಳು ಎಲ್ಲಿ ಹೋಯಿತು ಅಂತ ಹಿಂಬಾಲಿಸಿಕೊಂಡು ಹೋದ. ನನ್ನ 92 ಯಾರ್ಯಾರ ತಲೆಯಲ್ಲಿ ಕೂತಿದೆಯೋ, ನಾನು ಹುಡುಕಲೂ ಹೋಗಲಿಲ್ಲ.

ಇನ್ನೊಂದು ವಿಷಯ ಓದಿದ ಮೇಲಂತೂ ಕೂತಲ್ಲಿ ಕೂರಲಾಗಲಿಲ್ಲ. 2001ರಲ್ಲಿ ಬಟರ್‌ಫೀಲ್ಡ್, ಮೆಟ್‌ಕಾಫ್ ಎಂಬ ಇಬ್ಬರು ಸಂಶೋಧಕರು ಜನರಿಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿ, ಪ್ರತಿ ಉತ್ತರದ ಮೇಲೆ ಎಷ್ಟು ನಂಬಿಕೆ ಇದೆ ಅಂತಲೂ ಕೇಳಿದರು. ಆಮೇಲೆ ಸರಿ ಉತ್ತರ ತಿಳಿಸಿ, ಮತ್ತೆ ಪರೀಕ್ಷೆ ಮಾಡಿದರು. ಅರೆಮನಸ್ಸಿನಿಂದ ಹೇಳಿ ತಪ್ಪಿದ್ದಕ್ಕಿಂತ, ಪೂರ್ತಿ ನಂಬಿ ಹೇಳಿ ತಪ್ಪಿದ್ದನ್ನೇ ಜನ ಚೆನ್ನಾಗಿ ತಿದ್ದಿಕೊಂಡಿದ್ದರು. ನಂಬಿದ್ದು ತಪ್ಪಾದಾಗ ಆಗುವ ಆಶ್ಚರ್ಯಕ್ಕೆ ಮನಸ್ಸು ಎಚ್ಚರವಾಗುತ್ತದೆ, ಆಗ ಕೇಳಿದ್ದು ಗಟ್ಟಿಯಾಗಿ ಉಳಿಯುತ್ತದೆ.

ಕ್ವಿಜ್ ನಡೆಸುವವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ, ಅಲ್ವಾ? ತಪ್ಪು ಹೇಳಿದರೂ ಕಲಿತುಕೊಂಡೇ ಹೋಗುತ್ತಾರೆ. ಆದರೆ ತಿದ್ದುವವನೇ ತಪ್ಪಿದರೆ? ಅವಳು "ಖಂಡಿತ" ಅಂದಿದ್ದಳು. ನನ್ನ ತಪ್ಪು ಅವಳ ತಲೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುತ್ತದೆ ಅಂತ ನನಗೆ ಅನ್ನಿಸಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಅದರ ಅರ್ಥ ಈ ವಯಸ್ಸಿಗೆ ತಿಳಿಯಿತು.

ಮೂರನೇ ಬುಧವಾರ ಮೊದಲ ಪ್ರಶ್ನೆ ಕೇಳುವ ಮೊದಲು ಎಲ್ಲ ಹೇಳಿದೆ. ಉತ್ತರ ಶನಿ, ನನ್ನದು ಹಳೆಯ ಲೆಕ್ಕ, ಅವತ್ತು ರಾತ್ರಿಯೇ ನನಗೆ ಗೊತ್ತಾಗಿತ್ತು, ಮೂರು ವಾರ ಸುಮ್ಮನಿದ್ದೆ. ಕೊನೆಯ ಎರಡು ಮಾತು ಬರೆಯುವಾಗ ಕೈ ನಡುಗಿತು. ಮೇಷ್ಟ್ರು ಮೊದಲು ಉತ್ತರಿಸಿದರು. "ಹಾಗಾದರೆ ಆ ವಾರ ಗೆದ್ದದ್ದು ಮಗು. ನನ್ನ ಹೆಸರು ತೆಗೆದು ಅವಳ ಹೆಸರು ಹಾಕಿ." ಒಂದು ಮಾತಿನಲ್ಲಿ ಮುಗಿಸಿಬಿಟ್ಟರು. ನಾನು ಮೂರು ವಾರ ಅವರ ಸಂತೋಷವನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ.

ಅವಳು ಏನು ಬರೆದಳು ಗೊತ್ತಾ?

"ಗೊತ್ತಿತ್ತು ಅಂಕಲ್. ಅವತ್ತೇ ಅಮ್ಮನ ಹತ್ರ ಕೂತು ನೋಡಿದೆ. ನೀವೇ ಹೇಳ್ತೀರ ಅಂತ ಅಮ್ಮ ಅಂದ್ರು. ಅದಕ್ಕೆ ಕಾಯ್ತಾ ಇದ್ದೆ."

ನನ್ನ ಭಯ ಪೂರ್ತಿ ಬೇರೆ ಕಡೆ ಇತ್ತು ನೋಡು. ಅವಳು ತಪ್ಪು ಕಲಿತಿರಲಿಲ್ಲ. ಶನಿಯ ಬಗ್ಗೆ ಅವಳಿಗೆ ಒಂದು ನಿಮಿಷವೂ ಅನುಮಾನ ಇರಲಿಲ್ಲ. ಮೂರು ಬುಧವಾರ ಅವಳು ಅನುಮಾನದಿಂದ ನೋಡುತ್ತಿದ್ದದ್ದು ನನ್ನನ್ನು. "ಖಂಡಿತ" ನಿಂತದ್ದು ಅದಕ್ಕೆ. ಹೇಳಿ ಏನು ಪ್ರಯೋಜನ, ಕೇಳುವವನು ಕೇಳಿಸಿಕೊಳ್ಳುವುದಿಲ್ಲವಲ್ಲ ಅಂತ.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು. ಅಳಿಸಿ ಕಳಿಸುತ್ತೇನೆ ಅಂತ ಮೇಲೆ ಹೇಳಿದ ನಾಲ್ಕು ಸಾಲು ಇವೇ.

ಶಾಲೆಯ ಆ ಫೈನಲ್. ನಾವಿಬ್ಬರೂ ಒಂದೇ ತಂಡ. ಟೈ ಬ್ರೇಕರ್. ಆಸ್ಟ್ರೇಲಿಯಾದ ರಾಜಧಾನಿ ಯಾವುದು? ಬಜರ್ ಒತ್ತಿದ್ದು ನಾನು. ಸಿಡ್ನಿ ಅಂದೆ. ನೀನು ಮೊದಲೇ ಕಿವಿಯಲ್ಲಿ ಹೇಳಿದ್ದೆಯಂತೆ, ಹಾಲಿನ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ ಅಂತ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿನಗೂ ಅದನ್ನೇ ಹೇಳಿದ್ದೇನೆ.

ಕೇಳಿಸಿತ್ತು ಕಣೋ. ಕ್ಯಾನ್ಬೆರಾ ಅಂತ ನೀನು ಎರಡು ಸಲ ಹೇಳಿದೆ. ಎರಡು ಸಲವೂ ಸ್ಪಷ್ಟವಾಗಿ ಕೇಳಿಸಿತು. ಮೈಕ್ ನನ್ನ ಕೈಯಲ್ಲಿತ್ತು. ನನಗೇ ಜಾಸ್ತಿ ಗೊತ್ತು ಅಂದುಕೊಂಡೆ. ಸೋತ ಮೇಲೆ ಮೆಟ್ಟಿಲ ಮೇಲೆ ಕೂತು ನೀನು "ಪರವಾಗಿಲ್ಲ ಬಿಡೋ" ಅಂದೆ. ಆ ಹುಡುಗಿ "ಪರವಾಗಿಲ್ಲ" ಅಂತ ಬರೆದಾಗ ನನ್ನ ನಿದ್ದೆ ಕೆಟ್ಟದ್ದು ಬರೀ ಚಂದ್ರರ ಲೆಕ್ಕಕ್ಕಲ್ಲ.

ಮೂರು ದಿನದಿಂದ ಒಂದೇ ಯೋಚನೆ. ನಿನಗೂ ಗೊತ್ತಿತ್ತಾ? ನನಗೆ ಕೇಳಿಸಿತ್ತು ಅಂತ ಗೊತ್ತಿದ್ದೂ ಸುಮ್ಮನಿದ್ದೆಯಾ? ನಾನೇ ಹೇಳುತ್ತೇನೆ ಅಂತ ಕಾದಿದ್ದೆಯಾ?

ಈಗಲೇ ಉತ್ತರ ಬರೆಯಬೇಡ. 30 ಸೆಕೆಂಡಿನ ನಿಯಮ ನಿನಗೆ ಇಲ್ಲ.

ಸರಿ, ಜಾಸ್ತಿ ಆಯಿತು. ಬೇರೆ ಮಾತಾಡೋಣ. ಕಡತ ಪೂರ್ತಿ ತೆಗೆದು ಕೂತಿದ್ದೇನೆ. ಸುಮಾರು ಮೂರು ಸಾವಿರ ಪ್ರಶ್ನೆ ಇವೆ. ಪ್ರತಿ ಉತ್ತರದ ಪಕ್ಕ ಅದನ್ನು ನೋಡಿ ಖಚಿತ ಮಾಡಿಕೊಂಡ ತಾರೀಖು ಬರೆಯುತ್ತಿದ್ದೇನೆ. ನಾನೂರು ಮುಗಿದಿವೆ. "ಅತಿ ದೊಡ್ಡ", "ಅತಿ ಹೆಚ್ಚು", "ಅತಿ ಉದ್ದ" ಅಂತ ಇರುವುದನ್ನೆಲ್ಲ ಬೇರೆ ತೆಗೆದಿಟ್ಟಿದ್ದೇನೆ, ಅವನ್ನು ಕೇಳುವ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು. ಕ್ವಿಜ್ ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟಿದ್ದೇನೆ. ನನ್ನ ಉತ್ತರ ತಪ್ಪು ಅನ್ನಿಸಿದವರು ಅಲ್ಲಿ ಹೇಳಬಹುದು. ಹೇಳಿದ್ದು ಸರಿ ಇದ್ದರೆ ಅವರಿಗೆ ಎರಡು ಅಂಕ. ಹೋದ ವಾರ ಮೇಷ್ಟ್ರು ಎರಡು ಅಂಕ ಹೊಡೆದುಕೊಂಡು ಹೋದರು!

ಆ "ಖಂಡಿತ" ಇನ್ನೂ ವಾಪಸ್ ಬಂದಿಲ್ಲ. ಕಾಯುತ್ತೇನೆ.

ಮುಂದಿನ ಬುಧವಾರ ಬಾರೋ. ಕೆಲಸ ಇದೆ ಅಂತ ಹೇಳಬೇಡ. 12ನೇ ಪ್ರಶ್ನೆ ನಿನಗೆ ಅಂತಲೇ ಇಟ್ಟಿದ್ದೇನೆ. ಸುಳಿವು ಕೊಡಲ್ಲ.

ನಿನ್ನ,
ಎಡಗಡೆ ಕೂತಿದ್ದವನು